ಒಂದೇ ವೇದಿಕೆ, ಆದ್ರೆ ಕೊನೆಯ ಜಾಗ ಯಾರಿಗೆ?

ಮದುವೆ ಮನೆಯಲ್ಲಿ ಎಲ್ಲರನ್ನೂ ಊಟಕ್ಕೆ ಕರೀತಾರೆ. ಆದ್ರೆ ಯಾರನ್ನ ಯಾವ ಪಂಕ್ತಿಯಲ್ಲಿ ಕೂರಿಸ್ತಾರೆ ಅನ್ನೋದು ಬೇರೆ ಮಾತು, ಅಲ್ವಾ? ಇವತ್ತಿನ ಕಥೆ ರಾಕ್ ಆ್ಯಂಡ್ ರೋಲ್‌ನದು. ಆದ್ರೆ ಪ್ರಶ್ನೆ ಇದೇ.

ಇಸವಿ 1964, ಅಕ್ಟೋಬರ್ 28 ಮತ್ತು 29. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರೋ ಸಾಂಟಾ ಮೋನಿಕಾ ಸಿವಿಕ್ ಆಡಿಟೋರಿಯಂ. ಹದಿಹರೆಯದ ಹುಡುಗ ಹುಡುಗಿಯರು ಕಿವಿ ಗುಂಯ್ ಅನ್ನೋ ಹಾಗೆ ಕಿರುಚ್ತಿದಾರೆ. ಅಲ್ಲಿ ಚಿತ್ರೀಕರಣ ಆಗ್ತಿರೋದು 'ಟಿ.ಎ.ಎಂ.ಐ. ಶೋ' ಅನ್ನೋ ಕನ್ಸರ್ಟ್ ಸಿನಿಮಾ. ನಿರ್ದೇಶಕ ಸ್ಟೀವ್ ಬೈಂಡರ್.

ಆ ವರ್ಷದ ಜುಲೈ 2ಕ್ಕೆ ಅಮೆರಿಕದಲ್ಲಿ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಬಿದ್ದಿತ್ತು. ಹೋಟೆಲ್‌ನಲ್ಲಿ, ಥಿಯೇಟರ್‌ನಲ್ಲಿ ಬಣ್ಣ ನೋಡಿ ಜನರನ್ನ ಬೇರೆ ಮಾಡೋ ಹಾಗಿಲ್ಲ ಅಂತ ಕಾನೂನು ಬಂದು ನಾಲ್ಕು ತಿಂಗಳೂ ಆಗಿರಲಿಲ್ಲ. ಅಂಥ ಹೊತ್ತಲ್ಲಿ ಈ ವೇದಿಕೆ ಮೇಲೆ 12 ತಂಡಗಳು ಮತ್ತು ಗಾಯಕರು. ಅವರಲ್ಲಿ ಐದು ಕಪ್ಪು ಕಲಾವಿದರದ್ದು: ಚಕ್ ಬೆರ್ರಿ, ಜೇಮ್ಸ್ ಬ್ರೌನ್, ಮಾರ್ವಿನ್ ಗೇ, ಮಿರಾಕಲ್ಸ್, ಸುಪ್ರೀಮ್ಸ್. ಬೀಚ್ ಬಾಯ್ಸ್ ಥರದ ಬಿಳಿ ತಂಡಗಳೂ, ಇಂಗ್ಲೆಂಡಿನಿಂದ ಬಂದವರೂ ಅದೇ ವೇದಿಕೆಯಲ್ಲಿ. 18 ವರ್ಷದ ಲೆಸ್ಲಿ ಗೋರ್ ಒಬ್ಬಳೇ ನಿಂತು, ನಾನು ನಿನ್ನ ಸ್ವತ್ತಲ್ಲ ಅಂತ ಹುಡುಗನಿಗೆ ಹೇಳೋ ಹಾಡು ಹಾಡ್ತಾಳೆ.

ಲೆಕ್ಕಕ್ಕೆ ನೋಡಿದ್ರೆ ಫುಲ್ ಮಾರ್ಕ್ಸ್. ಈಗ ಕ್ರಮ ನೋಡಿ.

ಶುರು ಮಾಡೋದು ಚಕ್ ಬೆರ್ರಿ. ಅವರು ತಮ್ಮದೇ 'ಮೇಬಲೀನ್' ಹಾಡ್ತಿರುವಾಗ, ಇಂಗ್ಲೆಂಡಿನ ಗೆರ್ರಿ ಆ್ಯಂಡ್ ದ ಪೇಸ್‌ಮೇಕರ್ಸ್ ಅನ್ನೋ ಬಿಳಿ ಹುಡುಗರ ತಂಡ ಅದೇ ಹಾಡನ್ನ ಕೈಗೆತ್ತಿಕೊಳ್ಳುತ್ತೆ. ಹಾಡು ಬರೆದವರು ಪಕ್ಕದಲ್ಲೇ ಇದಾರೆ. ಕ್ಯಾಮೆರಾ ಮಾತ್ರ ಆ ಕಡೆ ಹೋಯ್ತು. ರಾಕ್ ಆ್ಯಂಡ್ ರೋಲ್‌ನ ಹತ್ತು ವರ್ಷದ ಚರಿತ್ರೆ ಕೆಲವೇ ನಿಮಿಷದಲ್ಲಿ!

ಮುಗಿಸೋದು ಯಾರು? ಜೇಮ್ಸ್ ಬ್ರೌನ್ ಅದು ತಮ್ಮ ಜಾಗ ಅಂದ್ಕೊಂಡಿದ್ರು. ನಿರ್ಮಾಪಕರು ಕೊಟ್ಟಿದ್ದು ರೋಲಿಂಗ್ ಸ್ಟೋನ್ಸ್‌ಗೆ. ಬ್ರೌನ್‌ಗೆ ಸಿಟ್ಟು ಬಂತು. ಆದ್ರೆ ಬಿಟ್ಟು ಹೋಗಲಿಲ್ಲ. ನಾಲ್ಕೇ ನಾಲ್ಕು ಹಾಡು. ಮಂಡಿಯೂರಿ ಕುಸಿದು ಬೀಳ್ತಾರೆ. ಜೊತೆಗಾರರು ಹೆಗಲಿಗೆ ನಿಲುವಂಗಿ ಹೊದಿಸಿ ಕರ್ಕೊಂಡು ಹೊರಡ್ತಾರೆ. ಅದನ್ನ ಕಿತ್ತೆಸೆದು ಮತ್ತೆ ಮೈಕ್‌ಗೆ ಬರ್ತಾರೆ. ಮತ್ತೆ, ಮತ್ತೆ. ಇದಾದ ಮೇಲೆ ಸ್ಟೋನ್ಸ್ ಬಂದು ಹಾಡಿದ ಮೊದಲ ಹಾಡು ಯಾರದು ಗೊತ್ತಾ? ಚಕ್ ಬೆರ್ರಿಯವರದ್ದೇ. ಬ್ರೌನ್ ಆದ ಮೇಲೆ ವೇದಿಕೆ ಹತ್ತಿದ್ದೇ ನಮ್ಮ ದೊಡ್ಡ ತಪ್ಪು ಅಂತ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ ಆಮೇಲೆ ಒಪ್ಕೊಂಡ್ರು.

ಹಾಗಾದ್ರೆ ಆ ಸಿನಿಮಾ ಬರೀ ತೋರಿಕೆನಾ? ನಂಗೆ ಹಾಗನ್ನಿಸಲ್ಲ. 1968ರಲ್ಲಿ ಇದೇ ಬೈಂಡರ್ ಇನ್ನೊಂದು ಟಿವಿ ಕಾರ್ಯಕ್ರಮ ಮಾಡಿದ್ರು. ಅದರಲ್ಲಿ ಬಿಳಿ ಗಾಯಕಿ ಪೆಟುಲಾ ಕ್ಲಾರ್ಕ್, ಕಪ್ಪು ಗಾಯಕ ಹ್ಯಾರಿ ಬೆಲಫಾಂಟೆ ತೋಳು ಮುಟ್ಟಿದ್ದಕ್ಕೇ ಪ್ರಾಯೋಜಕರ ಕಡೆಯವರು ರಂಪ ಮಾಡಿದ್ರು. ಕ್ಲಾರ್ಕ್ ಬಗ್ಗಲಿಲ್ಲ, ಆ ದೃಶ್ಯ ಹಾಗೇ ಪ್ರಸಾರ ಆಯ್ತು. ನಾಲ್ಕು ವರ್ಷ ಆದ ಮೇಲೂ ಒಂದು ಸ್ಪರ್ಶಕ್ಕೆ ಇಷ್ಟು ಗಲಾಟೆ ಅಂದ್ರೆ, 1964ರಲ್ಲಿ ಎಲ್ಲರನ್ನೂ ಒಂದೇ ವೇದಿಕೆಗೆ ತಂದಿದ್ದು ಸಣ್ಣ ಮಾತಲ್ಲ. ಆದ್ರೂ ಪಂಕ್ತಿಭೇದ ಹೋಗಿರಲಿಲ್ಲ. ಎರಡೂ ನಿಜ.

2006ರಲ್ಲಿ ಈ ಸಿನಿಮಾ ಅಮೆರಿಕದ ನ್ಯಾಷನಲ್ ಫಿಲ್ಮ್ ರಿಜಿಸ್ಟ್ರಿ ಸೇರಿತು. ಇವತ್ತು ಅದನ್ನ ನೋಡಿದವರು ಮೊದಲು ಮಾತಾಡೋದು ಜೇಮ್ಸ್ ಬ್ರೌನ್ ಬಗ್ಗೆ. ಕೊನೆಯ ಜಾಗ ಸಿಗದಿದ್ರೂ ನೆನಪಲ್ಲಿ ಉಳಿದವರು ಅವರೇ.

ಆದ್ರೆ ಎಲ್ಲರೂ ಜೇಮ್ಸ್ ಬ್ರೌನ್ ಆಗೋಕಾಗಲ್ಲ. ಅದಕ್ಕೆ ಮುಂದಿನ ಸಲ ಯಾವುದಾದ್ರೂ ಫೆಸ್ಟಿವಲ್ ಪೋಸ್ಟರ್ ನೋಡಿದಾಗ ಮುಖಗಳನ್ನ ಎಣಿಸಿ ಸುಮ್ಮನಾಗಬೇಡಿ. ಯಾರ ಹೆಸರು ದೊಡ್ಡದಾಗಿದೆ, ಹಾಡು ಯಾರದು, ಕೊನೆಯ ಚಪ್ಪಾಳೆ ಯಾರಿಗೆ ಅಂತಾನೂ ನೋಡಿ. ಸಿಗೋಣ.