ಸೇತುವೆಯ ಮೇಲೊಂದು ಕಲಾಶಾಲೆ

ಕೆಂಗೇರಿಯಿಂದ ಮೈಸೂರು ರಸ್ತೆಯಲ್ಲಿ ಹೊರಟು ಶ್ರೀರಂಗಪಟ್ಟಣವನ್ನು ಸೇರಿದ ವಾಚಕರು ಅಲ್ಲಿ ಕಾವೇರಿಗೆ ಅಡ್ಡಲಾಗಿರುವ ಹಳೆಯ ಕಲ್ಲುಸೇತುವೆಯನ್ನು ಕಂಡಿರಬಹುದು. ದಿವಾನ್ ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ 1804ರಲ್ಲಿ ಕಟ್ಟಿದ ಅದಕ್ಕೆ ಅಂದಿನ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರನ್ನಿಟ್ಟರು. ಕಲ್ಲಿನ ಕಂಬ, ಅದರ ಮೇಲೆ ಬೋದಿಗೆ, ಅದರ ಮೇಲೆ ಕಲ್ಲಿನ ತೊಲೆ: ನಮ್ಮ ದೇವಾಲಯದ ಮಂಟಪವೇ ಹೊಳೆಗಿಳಿದು ನಿಂತಂತಿದೆ. ಮಂಟಪವನ್ನೇ ಹೊಳೆಯಲ್ಲಿ ನಿಲ್ಲಿಸಬಲ್ಲವರು ಅದರ ಮೇಲೆ ಮನೆಗಳನ್ನೂ ಒಂದು ಕಲಾಶಾಲೆಯನ್ನೂ ಏಕೆ ಕಟ್ಟಲಿಲ್ಲವೆಂದು ನೀವು ಕೇಳಬಹುದು. ಪ್ರಶ್ನೆ ವಿಚಿತ್ರವೆನಿಸಿದರೂ ನಿರಾಧಾರವಲ್ಲ. ಯೂರೋಪಿನಲ್ಲಿ ಜನವಸತಿಯ ಸೇತುವೆಗಳಿದ್ದವು.

ಲಂಡನ್ನಿನ ಹಳೆಯ ಸೇತುವೆ ಮುಗಿದುದು 1209ರಲ್ಲಿ. ಅದರ ಮೇಲಣ ಮನೆ, ಅಂಗಡಿಗಳ ಬಾಡಿಗೆ ಸೇತುವೆಯ ದುರಸ್ತಿಗೇ ಸಲ್ಲುತ್ತಿತ್ತು. ಆದರೆ ಒತ್ತೊತ್ತಾದ ದಪ್ಪ ಕಂಬಗಳು ಥೇಮ್ಸ್ ನದಿಯನ್ನು ಬಿಗಿಹಿಡಿದುದರಿಂದ ನೀರು ಸಂದುಗಳಲ್ಲಿ ಧುಮ್ಮಿಕ್ಕಿ ದೋಣಿಗಳನ್ನು ಮುಳುಗಿಸುತ್ತಿತ್ತು. ಮೇಲಣ ದಾರಿಯೂ ಇಕ್ಕಟ್ಟಾಗಿ, 1758ರಿಂದೀಚೆಗೆ ಮನೆಗಳನ್ನೆಲ್ಲ ತೆಗೆಸಬೇಕಾಯಿತು. ನಮ್ಮ ಕಾವೇರಿಯಾದರೋ ಕೊಡಗಿನಲ್ಲಿ ಮಳೆ ಸುರಿಯಿತೆಂದರೆ ಇಲ್ಲಿ ಉಕ್ಕುವ ಹೊಳೆ. ಆದಕಾರಣ ನಮ್ಮವರು ಸೇತುವೆಯನ್ನು ದಾಟುವುದಕ್ಕೆ ಬಿಟ್ಟು, ಕುಳಿತುಕೊಳ್ಳುವುದಕ್ಕೆ ದಡದಲ್ಲಿ ಸೋಪಾನಗಳನ್ನೂ ಮಂಟಪಗಳನ್ನೂ ಕಟ್ಟಿದರು.

ಇಟಲಿಯ ಫ್ಲಾರೆನ್ಸ್ ನಗರದ ಹಳೆಯ ಸೇತುವೆಯ ಕಥೆ ಬೇರೆ. 1333ರ ಮಹಾಪೂರದಲ್ಲಿ ಕೊಚ್ಚಿಹೋದುದನ್ನು 1345ರ ವೇಳೆಗೆ ಮತ್ತೆ ಕಟ್ಟಿದರು. ಚಿತ್ರಕಾರ ವಾಸಾರಿಯ ಪ್ರಯತ್ನದಿಂದ 1563ರಲ್ಲಿ ಆ ನಗರದಲ್ಲಿ ಚಿತ್ರಶಿಲ್ಪಾದಿ ಕಲೆಗಳ ಅಕಾಡೆಮಿ ಹುಟ್ಟಿತು. 1565ರಲ್ಲಿ ಅವನೇ ಸೇತುವೆಯ ಅಂಗಡಿಗಳ ಮೇಲೆ ಅರಸನ ಓಡಾಟಕ್ಕೆಂದು ಮುಚ್ಚಿದ ಓಣಿಯೊಂದನ್ನು ಕಟ್ಟಿದನು. ಕೆಳಗಿನ ಅಂಗಡಿಗಳಲ್ಲಿದ್ದ ಕಟುಕರು ಹೊಲಸನ್ನು ಆರ್ನೋ ನದಿಗೆ ಎಸೆಯುತ್ತಿದ್ದರು. ಒಂದನೆಯ ಫರ್ಡಿನಾಂಡೋ 1593ರಲ್ಲಿ ಅವರನ್ನು ಎಬ್ಬಿಸಿ ಅಕ್ಕಸಾಲಿಗರಿಗೆ ಎಡೆಮಾಡಿದನು. ಇಂದಿಗೂ ಅಲ್ಲಿರುವುದು ಒಡವೆಯಂಗಡಿಗಳೇ. ಸೇತುವೆಯ ಮೇಲೆ ವಾಸಿಸುವವರ ನಡತೆ ನದಿಯ ಹಣೆಬರಹವಾಗುವುದೆಂಬುದಕ್ಕೆ ಇದೇ ನಿದರ್ಶನ.

ಇನ್ನು ನಮ್ಮ ಪಶ್ಚಿಮ ಬೆಂಗಳೂರಿಗೆ ಬನ್ನಿ. ಬಸವನಗುಡಿಯ ದೊಡ್ಡ ಬಸವನ ಸನ್ನಿಧಿಯಲ್ಲಿ ಹುಟ್ಟಿತೆಂದು ಹೇಳುವ ವೃಷಭಾವತಿ ಕೆಂಗೇರಿಯ ಮೇಲೆ ಹಾದು, ಬೈರಮಂಗಲದ ಕೆರೆಯನ್ನು ಹೊಕ್ಕು, ಅರ್ಕಾವತಿಯ ಮೂಲಕ ಕಾವೇರಿಯನ್ನೇ ಸೇರುತ್ತದೆ. ಇಂದು ಅದರಲ್ಲಿ ಹರಿಯುವುದು ಊರಿನ ಚರಂಡಿ, ಕಾರ್ಖಾನೆಗಳ ಕೊಳೆ. ಇದರ ಮೇಲೆ ಯಾರಾದರೂ ಕಲಾಶಾಲೆಯನ್ನು ಹೊತ್ತ ಸೇತುವೆಯ ನಕ್ಷೆ ಬರೆದರೆ ಲಂಡನ್ನಿನ ಪಾಠದಂತೆ ಕಂಬಗಳ ನಡುವೆ ನೀರಿಗೆ ಧಾರಾಳವಾಗಿ ದಾರಿ ಬಿಡಬೇಕು. ಫ್ಲಾರೆನ್ಸಿನ ಪಾಠದಂತೆ ಕುಂಚ ತೊಳೆದ ಬಣ್ಣದ ನೀರು ಸಹ ಹೊಳೆಗೆ ಬೀಳದಂತೆ ನೋಡಿಕೊಳ್ಳಬೇಕು. ಇಷ್ಟಾದರೂ ಒಂದು ಮಾತು ಉಳಿಯುತ್ತದೆ. ಕಿಟಕಿ ತೆರೆದೊಡನೆ ಮೂಗು ಮುಚ್ಚಿಕೊಳ್ಳಬೇಕಾದ ಕಡೆ ಯಾವ ಬಾಲಕ ಹೊಳೆಯ ಚಿತ್ರ ಬರೆದಾನು? ಆದುದರಿಂದ ಅಂಥ ಶಾಲೆಗೆ ಮೊದಲ ಅಸ್ತಿಭಾರ ಕಲ್ಲಿನದಾಗಬಾರದು, ತಿಳಿನೀರಿನದಾಗಬೇಕು.