ಗೋಮಾಳ, ಕಾನಿನ ಬಗ್ಗೆ ಪಿಎಚ್‌ಡಿ ಮಾಡ್ತೀರಾ? ಫೆಲೋಶಿಪ್ ಎಲ್ಲಿ ಸಿಗುತ್ತೆ? ಇಲ್ಲಿದೆ ಮಾಹಿತಿ

ಶಿಕಾರಿಪುರ/ಸೊರಬ: ದನ ಮೇಯುವ ಗೋಮಾಳ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ, ಊರವರೇ ಕಾಯ್ದುಕೊಂಡು ಬಂದ ಕಾನು. ಇವುಗಳ ಮೇಲೆ ಸಂಶೋಧನೆ ಮಾಡೋಕೂ ಫೆಲೋಶಿಪ್ ಇದೆ. ದುಡ್ಡಿಲ್ಲ ಅಂತ ಎಂಎ, ಎಂಎಸ್ಸಿಗೇ ಓದು ನಿಲ್ಲಿಸುವ ಮುಂಚೆ ಇದನ್ನ ಓದಿ.

ಯಾಕೆ ಬೇಕು ಈ ಅಧ್ಯಯನ?

1868ರಲ್ಲಿ ಬ್ರಿಟಿಷ್ ಆಡಳಿತದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ ಸೊರಬ ತಾಲೂಕಿನ ಕಾನುಗಳ ವರದಿ ಬರೆದರು. ಅದರಲ್ಲಿ 171 ಕಾನುಗಳ ಲೆಕ್ಕ ಇದೆ. ಒಟ್ಟು ವಿಸ್ತೀರ್ಣ ಸುಮಾರು 13 ಸಾವಿರ ಹೆಕ್ಟೇರ್. ಯಾವ ಕಾನು ಉಳಿದಿದೆ, ಯಾವುದು ಕರಗಿದೆ ಅಂತ ಇವತ್ತು ಹೋಲಿಸಿ ನೋಡಲು ಆ ಹಳೇ ಪಟ್ಟಿಯೇ ಆಧಾರ. ಬರೆದಿಟ್ಟಿದ್ದಕ್ಕೇ ಅದು ಉಪಯೋಗಕ್ಕೆ ಬರ್ತಿದೆ.

ಗೋಮಾಳದ ಕಥೆಯೂ ಲೆಕ್ಕದ ಮೇಲೇ ನಿಂತಿದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 71ನೇ ಕಲಂ ಪ್ರಕಾರ ಉಚಿತ ಹುಲ್ಲುಗಾವಲಿಗೆ ಜಾಗ ಮೀಸಲಿಡಬಹುದು. 1966ರ ನಿಯಮಗಳ 97ನೇ ನಿಯಮದಲ್ಲಿ 100 ಜಾನುವಾರಿಗೆ 12 ಹೆಕ್ಟೇರ್ ಅಂತ ಅಳತೆ ಇದೆ. ಅಂದರೆ ಊರಲ್ಲಿ 300 ದನ ಇದ್ದರೆ 36 ಹೆಕ್ಟೇರ್, ಸುಮಾರು 90 ಎಕರೆ. ದನ ಎಷ್ಟಿವೆ, ಸ್ಥಳದಲ್ಲಿ ಜಾಗ ಎಷ್ಟು ಉಳಿದಿದೆ ಅಂತ ಲೆಕ್ಕ ಇಲ್ಲದಿದ್ದರೆ ಒತ್ತುವರಿ ಬಗ್ಗೆ ಊರವರ ಮಾತಿಗೆ ಬಲ ಬರಲ್ಲ.

ಈ ಭಾಗಕ್ಕೆ ಇದು ಹೊಸ ವಿಚಾರವೂ ಅಲ್ಲ. 80ರ ದಶಕದಲ್ಲಿ ಶಿವಮೊಗ್ಗ ಸೇರಿ ಕೆಲವು ಜಿಲ್ಲೆಗಳ ಸುಮಾರು 30 ಸಾವಿರ ಹೆಕ್ಟೇರ್ ಸಾಮೂಹಿಕ ಭೂಮಿಯನ್ನು ನೀಲಗಿರಿಯಂಥ ಮರ ಬೆಳೆಯಲು ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಕೊಡುವ ಯೋಜನೆ ಇತ್ತು. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ 'ಕಿತ್ತಿಕೊ-ಹಚ್ಚಿಕೊ' ಸತ್ಯಾಗ್ರಹ ಮಾಡಿದರು. ನೀಲಗಿರಿ ಕಿತ್ತು, ಊರಿಗೆ ಬೇಕಾದ ಗಿಡ ನೆಟ್ಟರು. 1991ರಲ್ಲಿ ಕಂಪನಿ ಮುಚ್ಚುವ ತೀರ್ಮಾನ ಆಯ್ತು.

ದುಡ್ಡು ಎಲ್ಲಿಂದ?

* ಯುಜಿಸಿ ಜೆಆರ್‌ಎಫ್: ವರ್ಷಕ್ಕೆ ಎರಡು ಸಲ ನಡೆಯುವ ನೆಟ್ ಪರೀಕ್ಷೆ ಮೂಲಕ. ಸಮಾಜಶಾಸ್ತ್ರ, ಪರಿಸರ ವಿಜ್ಞಾನ ಓದಿದವರು ಬರೆಯಬಹುದು. ಪಿಜಿಯಲ್ಲಿ ಶೇ 55, ಮೀಸಲಾತಿ ಇದ್ದವರಿಗೆ ಶೇ 50 ಅಂಕ ಬೇಕು. 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37 ಸಾವಿರ ರೂ., ಆಮೇಲೆ 42 ಸಾವಿರ ರೂ. ಭಾಷಾ ವಿಷಯ ಬಿಟ್ಟರೆ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದವರು ಮೊದಲೇ ತಯಾರಾಗಬೇಕು.
* ಸಿಎಸ್‌ಐಆರ್ ಜೆಆರ್‌ಎಫ್: ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದವರಿಗೆ ಜೀವವಿಜ್ಞಾನ ವಿಭಾಗದಲ್ಲಿ.
* ಇನ್‌ಸ್ಪೈರ್: ವಿಜ್ಞಾನದ ಪಿಜಿಯಲ್ಲಿ ವಿವಿಗೆ ಮೊದಲ ರ‍್ಯಾಂಕ್ ಬಂದವರಿಗೆ.
* ಐಸಿಎಸ್‌ಎಸ್‌ಆರ್: ಸಮಾಜ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿರುವವರಿಗೆ.
* ಎಸ್‌ಸಿ, ಎಸ್‌ಟಿ, ಒಬಿಸಿ ವಿದ್ಯಾರ್ಥಿಗಳಿಗೆ ಕೇಂದ್ರದ ಪ್ರತ್ಯೇಕ ರಾಷ್ಟ್ರೀಯ ಫೆಲೋಶಿಪ್‌ಗಳಿವೆ.

ಫೆಲೋಶಿಪ್ ಹೊಟ್ಟೆಪಾಡಿಗೆ ಸಾಕಾಗಬಹುದು. ಊರೂರು ಸುತ್ತೋ ಖರ್ಚು ಬೇರೆ. ಅದಕ್ಕೆ ಬ್ರಿಟನ್‌ನ ರಫರ್ಡ್ ಫೌಂಡೇಶನ್‌ನಂಥ ಸಂಸ್ಥೆಗಳು ಸಣ್ಣ ಅನುದಾನ ಕೊಡುತ್ತವೆ. ಅದು ಸಂರಕ್ಷಣೆಯ ಕ್ಷೇತ್ರಕಾರ್ಯಕ್ಕೆ, ಕಾಲೇಜು ಫೀಸಿಗೆ ಅಲ್ಲ.

ಎಲ್ಲಿ ಸೇರಬಹುದು?

ಹತ್ತಿರದಲ್ಲಿ ಶಂಕರಘಟ್ಟದ ಕುವೆಂಪು ವಿವಿ ಇದೆ. ಕೃಷಿ, ತೋಟಗಾರಿಕೆ ಓದಿದವರಿಗೆ ಇರುವಕ್ಕಿಯ ಕೆಳದಿ ಶಿವಪ್ಪ ನಾಯಕ ವಿವಿ ಇದೆ. ಕನ್ನಡದಲ್ಲೇ ಪ್ರಬಂಧ ಬರೆಯುವವರಿಗೆ ಹಂಪಿ ಕನ್ನಡ ವಿವಿ ದಾರಿ.

ಅರ್ಜಿಗೆ ಮೊದಲು ಏನು ಮಾಡಬೇಕು?

ಒಂದೇ ಊರು ಆರಿಸಿಕೊಳ್ಳಿ. ಪಹಣಿಯಲ್ಲಿ ಗೋಮಾಳ ಅಂತ ಎಷ್ಟು ಎಕರೆ ಇದೆ ನೋಡಿ, ಗ್ರಾಮ ನಕ್ಷೆ ತೆಗೆಸಿ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದರ ದಾಖಲಾತಿ ಪುಸ್ತಕ ಕೇಳಿ. ಅರಣ್ಯ ಇಲಾಖೆ ವ್ಯಾಪ್ತಿಯ ಕಾನಾದರೆ ಇಲಾಖೆಯ ಅನುಮತಿ ಬೇಕು. ದನ ಕಾಯುವವರನ್ನ, ಸೊಪ್ಪು ತರುವ ಹೆಂಗಸರನ್ನ ಮಾತಾಡಿಸಿ. ಕಾಗದದಲ್ಲಿರೋ ಎಕರೆಗೂ ದನ ನಿಜವಾಗಿ ಮೇಯುವ ಎಕರೆಗೂ ವ್ಯತ್ಯಾಸ ಕಂಡರೆ ಅದೇ ನಿಮ್ಮ ಸಂಶೋಧನಾ ಪ್ರಶ್ನೆ.

ಪ್ರಬಂಧ ಮುಗಿದ ಮೇಲೆ ಒಂದು ಪ್ರತಿ ಆ ಊರಿನ ಗ್ರಾಮ ಪಂಚಾಯಿತಿಗೂ ಕೊಡಿ. ಮುಂದೆ ಗೋಮಾಳದ ತಕರಾರು ಬಂದಾಗ ಊರವರ ಕೈಯಲ್ಲಿ ಒಂದು ದಾಖಲೆಯಾದರೂ ಇರುತ್ತೆ.