ಚೇಳೂರಿನ ಕುಂಡದಲ್ಲಿ ಟುಲಿಪ್

ಮೂವತ್ತು ವರ್ಷ ಇತಿಹಾಸ ಬೋಧಿಸಿದ ನಾನು ಟುಲಿಪ್ ಹೂವನ್ನು ಕಣ್ಣಾರೆ ಕಂಡವನಲ್ಲ. ಆದರೂ ಯುರೋಪಿನ ವ್ಯಾಪಾರದ ಪಾಠ ಬಂದಾಗಲೆಲ್ಲ ಹಾಲೆಂಡಿನ ಟುಲಿಪ್ ಹುಚ್ಚಿನ ಕಥೆಯನ್ನು ಬಿಡದೆ ಹೇಳುತ್ತಿದ್ದೆ. ಒಂದೊಂದು ಗೆಡ್ಡೆಗೆ ಮನೆಯ ಬೆಲೆ ಕೇಳುತ್ತಿದ್ದ ಜನ, 1637ರ ಫೆಬ್ರವರಿಯಲ್ಲಿ ಒಮ್ಮೆಲೇ ಕುಸಿದ ಬೆಲೆ, ಇವೆಲ್ಲ ಮಕ್ಕಳಿಗೆ ಬಲು ಪ್ರಿಯ.

ಆ ಕಥೆಯನ್ನು ಮರೆಯದ ಹಳೆಯ ಶಿಷ್ಯನೊಬ್ಬ ಸೇನೆ ಸೇರಿ ಕಾಶ್ಮೀರದಲ್ಲಿದ್ದ. ದಸರೆಗೆ ಊರಿಗೆ ಬಂದಾಗ ಆರು ಗೆಡ್ಡೆಗಳ ಪೊಟ್ಟಣವೊಂದನ್ನು ಕೈಗಿತ್ತು, "ಸಾರ್, ನಿಮ್ಮ ಟುಲಿಪ್" ಎಂದ. ನೋಡಲು ನಮ್ಮ ಈರುಳ್ಳಿಯಂತೆಯೇ ಇದ್ದವು.

ಟುಲಿಪ್‌ನ ತವರು ಮಧ್ಯ ಏಷ್ಯಾದ ಗುಡ್ಡಗಾಡು. ತುರ್ಕಿಯ ಸುಲ್ತಾನರ ತೋಟಗಳಲ್ಲಿ ಮೆರೆದು, ಕ್ಲೂಸಿಯಸ್ ಎಂಬ ಸಸ್ಯಶಾಸ್ತ್ರಜ್ಞನ ಆಸ್ಥೆಯಿಂದ 1594ರಲ್ಲಿ ಲೈಡನ್ ನಗರದ ತೋಟದಲ್ಲಿ ಅರಳಿತು. ಆದರೆ ಹಿಮದ ನಾಡಿನ ಗುಣವನ್ನು ಅದು ಬಿಡಲಿಲ್ಲ. ಹನ್ನೆರಡರಿಂದ ಹದಿನಾರು ವಾರ, ಸುಮಾರು ಒಂಬತ್ತು ಡಿಗ್ರಿಗಿಂತ ಕಡಿಮೆ ತಂಪು ಸಿಗದಿದ್ದರೆ ಒಳಗಿನ ಮೊಗ್ಗು ಮೇಲೇಳದು. ಯುರೋಪಿನವರು ಚಳಿಗಾಲಕ್ಕೆ ಮುಂಚೆ ಕುಂಡದ ಆಳದಲ್ಲಿ ಗೆಡ್ಡೆ ಹೂತು, ಅದೇ ಕುಂಡದ ಮೇಲ್ಮಣ್ಣಿನಲ್ಲಿ ವಯೋಲಾ ಅಥವಾ ಅದರ ದೊಡ್ಡ ಹೂವಿನ ಬಂಧು ಪ್ಯಾನ್ಸಿಯ ಸಸಿ ನೆಡುತ್ತಾರೆ. ಪ್ಯಾನ್ಸಿ ಮಣ್ಣನ್ನು ಹೊದ್ದು ಹೂಬಿಡುತ್ತಿರುವಾಗ ವಸಂತದಲ್ಲಿ ಟುಲಿಪ್ ಅದರ ನಡುವಿನಿಂದ ತಲೆ ಎತ್ತುತ್ತದೆ. ಒಂದೇ ಕುಂಡದಲ್ಲಿ ಎರಡು ಅಂತಸ್ತಿನ ತೋಟ!

ಚೇಳೂರಿನಲ್ಲಿ ಅಂಥ ಚಳಿಯನ್ನು ಎಲ್ಲಿಂದ ತರುವುದು? ಗೆಡ್ಡೆಗಳನ್ನು ಫ್ರಿಜ್ಜಿನಲ್ಲಿಟ್ಟೆ. ಸಂಕ್ರಾಂತಿ ಕಳೆದ ಮೇಲೆ ಕುಂಡದಲ್ಲಿ ಹೂತು, ತುಮಕೂರಿನಿಂದ ತಂದ ಪ್ಯಾನ್ಸಿ ಸಸಿಗಳನ್ನು ಮೇಲೆ ನೆಟ್ಟೆ. ಶಿವರಾತ್ರಿಯವರೆಗೆ ಪ್ಯಾನ್ಸಿ ನಗುನಗುತ್ತಾ ಅರಳಿತು. ಟುಲಿಪ್‌ನಿಂದ ಬಂದದ್ದು ಬರಿಯ ಎಲೆ. ಆಮೇಲೆ ಓದಿ ತಿಳಿದೆ: ಮಾಗುವ ಹಣ್ಣು ಎಥಿಲೀನ್ ಅನಿಲ ಬಿಡುತ್ತದೆ, ಅದು ಗೆಡ್ಡೆಯೊಳಗಿನ ಮೊಗ್ಗನ್ನು ಕೊಲ್ಲುತ್ತದೆ. ನಮ್ಮ ಫ್ರಿಜ್ಜಿನಲ್ಲಿ ಗೆಡ್ಡೆಗಳ ಪಕ್ಕದಲ್ಲೇ ಸಪೋಟ ಇತ್ತು. (ನನ್ನ ಶ್ರೀಮತಿಯವರು ಇಂದಿಗೂ ಸಪೋಟದ ಪರ ವಾದಿಸುತ್ತಾರೆ.)

ಈ ಸೋಲಿನ ನೆಪದಲ್ಲಿ ಲಾಲ್‌ಬಾಗಿನ ಚರಿತ್ರೆಯನ್ನು ಮತ್ತೆ ಓದಿದೆ. 1760ರಲ್ಲಿ ಹೈದರಾಲಿ ಆರಂಭಿಸಿದ ಆ ತೋಟಕ್ಕೆ ಟಿಪ್ಪು ದೂರದೇಶಗಳಿಂದ ಗಿಡ, ಬೀಜ ತರಿಸಿದ. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ಪರದೇಶದ ಯಾವ ಗಿಡ ಈ ಮಣ್ಣಿಗೆ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂಬ ದೀರ್ಘ ಪರೀಕ್ಷೆಯೇ ಅಲ್ಲಿನ ಇತಿಹಾಸ. ಸೀಮೆಬದನೆ ಆ ಪರೀಕ್ಷೆಯಲ್ಲಿ ಗೆದ್ದು ನಮ್ಮ ಸಾರಿನ ಪಾತ್ರೆ ಸೇರಿತು.

1908ರಿಂದ 1932ರವರೆಗೆ ಅಲ್ಲಿದ್ದ ಜಿ.ಎಚ್. ಕ್ರುಂಬಿಗಲ್‌ರು ಜರ್ಮನಿಯಲ್ಲಿ ಹುಟ್ಟಿ, ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ದುಡಿದು ಬಂದವರು. ಟುಲಿಪ್‌ನ ವಸಂತ ಅವರಿಗೆ ಚಿರಪರಿಚಿತ. ಆದರೆ ಬೆಂಗಳೂರಿಗೆ ವಸಂತದ ಬಣ್ಣ ಕೊಡಲು ಅವರು ನೆಚ್ಚಿದ್ದು ಮರಗಳನ್ನು. ಒಂದರ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳುವಂತೆ ಬೀದಿಬೀದಿಗೆ ಮರಗಳನ್ನು ಆರಿಸಿದರು. ಜಕರಂಡ, ಗುಲ್‌ಮೊಹರ್ ಇವೂ ಪರದೇಶದವೇ, ಆದರೆ ಹಿಮ ಬೇಡದವು. ಚಳಿಗಾಲದ ಕುಂಡದ ಹೂಗಳಿಗೆ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ ಇದ್ದೇ ಇದೆ.

ನಾನು ಪಾಠ ಮಾಡುತ್ತಿದ್ದ ಕೊಠಡಿಯ ಕಿಟಕಿಯಾಚೆ ಒಂದು ಗುಲ್‌ಮೊಹರ್ ಇತ್ತು. ಮಡಗಾಸ್ಕರ್ ದ್ವೀಪದಿಂದ ಅದು ಇಲ್ಲಿಗೆ ಹೇಗೆ ಬಂತು ಎಂದು ಒಬ್ಬ ವಿದ್ಯಾರ್ಥಿಗೂ ನಾನು ಹೇಳಲಿಲ್ಲ. ಅದರ ನೆರಳಲ್ಲಿ ನಿಂತು ಹಾಲೆಂಡಿನ ಕಥೆ ಹೇಳಿದೆ!

ಯುಗಾದಿಯ ದಿನ ಶಿಷ್ಯ ಫೋನು ಮಾಡಿದ. "ಹೂ ಬಿಟ್ಟಿತೇ ಸಾರ್?"

"ಎಲೆ ಚೆನ್ನಾಗಿ ಬಂದಿದೆಯಪ್ಪ" ಎಂದೆ. ಶ್ರೀನಗರದ ದೊಡ್ಡ ಟುಲಿಪ್ ತೋಟಕ್ಕೆ ಏಪ್ರಿಲ್ಲಿನಲ್ಲಿ ಬನ್ನಿ ಎಂದು ಕರೆದ. ಏಪ್ರಿಲ್ ಎಂದರೆ ನಮ್ಮ ಚೇಳೂರಿನಲ್ಲಿ ಹಲಸಿನ ಸಂತೆಯ ಕಾಲ. ಬರುವ ವರ್ಷ ನೋಡೋಣ ಎಂದಿದ್ದೇನೆ.